ಗುಣವಾದ ಮೇಲೂ ಉಳಿದ 54 ಮೆಟ್ಟಿಲುಗಳು

ತೀವ್ರ ಸೋಂಕಿನಿಂದ ಚೇತರಿಸಿಕೊಳ್ಳುವವರಿಗೆ ವ್ಯಾಯಾಮವೂ ಔಷಧವೇ. ಆದರೆ ಅಳತೆ ತಪ್ಪಬಾರದು

ವಿಕ್ರೋಳಿ: ಮಧ್ಯ ರೈಲ್ವೆಯ ಘಾಟ್ಕೋಪರ್ ಮತ್ತು ಕಾಂಜೂರ್‌ಮಾರ್ಗ್ ನಿಲ್ದಾಣಗಳ ನಡುವಿನ ವಿಕ್ರೋಳಿ ಹಿಂದಿನಿಂದಲೂ ದುಡಿಯುವವರ ಉಪನಗರ. ಗೋದ್ರೆಜ್ ಕಾರ್ಖಾನೆ, ಪೂರ್ವದ ಟಾಗೋರ್ ನಗರ ಮತ್ತು ಕನ್ನಮ್ವಾರ್ ನಗರ, ಪಶ್ಚಿಮದಲ್ಲಿ ಗುಡ್ಡದ ಮೈಗೆ ಅಂಟಿಕೊಂಡ ಪಾರ್ಕ್‌ಸೈಟ್ ಇವೇ ಇಲ್ಲಿನ ಗುರುತು. ಹೊಟ್ಟೆಪಾಡಿಗಾಗಿ ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದ ಕನ್ನಡಿಗರು ಇಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆ ನಿಂತಿದ್ದಾರೆ. ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಮಾರೋತರಾವ್ ಕನ್ನಮ್ವಾರ್ ಅವರ ಹೆಸರು ಹೊತ್ತ ಕನ್ನಮ್ವಾರ್ ನಗರದ ಹಳೆಯ ಗೃಹಮಂಡಳಿ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲ. ಕೆಲವು ಕಟ್ಟಡಗಳು ಕೆಡವಿ ಗೋಪುರಗಳಾಗಿವೆ, ಇನ್ನು ಕೆಲವು ಹಾಗೆಯೇ ಇವೆ. ಆರೋಗ್ಯವಂತನಿಗೆ ಮೂರು ಮಹಡಿ ಒಂದು ಲೆಕ್ಕವೇ ಅಲ್ಲ. ಕಾಯಿಲೆ ಬಿದ್ದು ಎದ್ದವನಿಗೆ ಮಾತ್ರ ಮೆಟ್ಟಿಲು ಎಂದರೇನು ಎಂಬುದು ಗೊತ್ತು.

ಇಂಥದೊಂದು ಕಟ್ಟಡದ ಮೂರನೇ ಮಹಡಿಯಲ್ಲಿ ಉಡುಪಿ ಕಡೆಯ ಕುಟುಂಬವೊಂದು ವಾಸವಾಗಿದೆ. ಮನೆಯ ಯಜಮಾನರು ಘಾಟ್ಕೋಪರಿನ ಹೋಟೆಲೊಂದರಲ್ಲಿ ಸೂಪರ್‌ವೈಸರ್. ದಿನಕ್ಕೆ ಹತ್ತು ಗಂಟೆ ನಿಂತೇ ಇರುವ ಕೆಲಸ. 2021ರ ಏಪ್ರಿಲ್ ತಿಂಗಳಲ್ಲಿ, ಕೋವಿಡ್‌ನ ಎರಡನೇ ಅಲೆ ಮಹಾನಗರವನ್ನು ನಡುಗಿಸುತ್ತಿದ್ದಾಗ ಅವರು ಆಸ್ಪತ್ರೆಗೆ ದಾಖಲಾದರು. ಹದಿನಾರು ದಿನ ಅಲ್ಲಿದ್ದರು, ಅದರಲ್ಲಿ ಒಂಬತ್ತು ದಿನ ಆಮ್ಲಜನಕದ ಆಸರೆಯಲ್ಲಿ. ಕೊನೆಗೆ ವರದಿ ನೆಗೆಟಿವ್ ಬಂತು. ಕೈಯಲ್ಲಿ ಮಾತ್ರೆಗಳ ಪಟ್ಟಿ ಕೊಟ್ಟು ಮನೆಗೆ ಕಳುಹಿಸಿದರು.

ಟ್ಯಾಕ್ಸಿ ಕಟ್ಟಡದ ಮುಂದೆ ನಿಂತಿತು. ಮೊದಲ ಎಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಅವರಿಗೆ ಏದುಸಿರು ಬಂದು ಕಣ್ಣು ಕತ್ತಲೆ ಬಂತು. ಕಟ್ಟಡದ ಮರಾಠಿ ಹುಡುಗರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು. ಒಟ್ಟು 54 ಮೆಟ್ಟಿಲು. ಅವನ್ನು ಮತ್ತೆ ತನ್ನ ಕಾಲಿನಿಂದಲೇ ಹತ್ತಲು ಅವರಿಗೆ ಐದು ತಿಂಗಳು ಬೇಕಾಯಿತು.

ನೆಗೆಟಿವ್ ಬಂದರೆ ಮುಗಿಯಿತೆ?

ವರದಿ ನೆಗೆಟಿವ್ ಬಂತೆಂದರೆ ಕಾಯಿಲೆ ಮುಗಿಯಿತು ಎಂದು ಆಗ ಎಲ್ಲರೂ ಭಾವಿಸಿದ್ದರು. ಅದು ಸಹಜವೂ ಹೌದು. ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಪರದಾಡಿದ ಆ ದಿನಗಳಲ್ಲಿ ಜೀವ ಉಳಿದದ್ದೇ ದೊಡ್ಡ ಭಾಗ್ಯ. ಆದರೆ ವೈರಾಣು ದೇಹ ಬಿಟ್ಟು ಹೋದ ಮಾತ್ರಕ್ಕೆ ಅದು ಮಾಡಿದ ಹಾನಿ ಜೊತೆಯಲ್ಲೇ ಹೋಗುವುದಿಲ್ಲ.

ಇದಕ್ಕೆ ಕಾರಣಗಳು ಹಲವು. ತೀವ್ರ ಸೋಂಕಿನಲ್ಲಿ ಶ್ವಾಸಕೋಶದ ಸಣ್ಣ ಗಾಳಿಗೂಡುಗಳು ಊದಿಕೊಂಡು, ಅವು ವಾಸಿಯಾಗಲು ತಿಂಗಳುಗಳೇ ಬೇಕಾಗುತ್ತವೆ. ಎರಡನೆಯದಾಗಿ, ಮಲಗಿದಲ್ಲೇ ಇದ್ದರೆ ಸ್ನಾಯುಗಳು ಬಹುಬೇಗ ಕರಗುತ್ತವೆ. ಅದರಲ್ಲೂ ತೊಡೆ ಮತ್ತು ಮೀನಖಂಡದ ಸ್ನಾಯುಗಳಿಗೆ ಪೆಟ್ಟು ಹೆಚ್ಚು. ತುರ್ತು ನಿಗಾ ಘಟಕದಲ್ಲಿದ್ದವರಲ್ಲಿ ಈ ದೌರ್ಬಲ್ಯ ಇನ್ನೂ ಗಾಢ. ಮೂರನೆಯದು ಔಷಧದ ಪರಿಣಾಮ. ಆಮ್ಲಜನಕ ಬೇಕಾದ ರೋಗಿಗಳಿಗೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಜೀವ ಉಳಿಸುತ್ತದೆ ಎಂಬುದು 2020ರ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದರಲ್ಲಿ ಖಚಿತವಾಯಿತು. ಅಸಂಖ್ಯ ಜನ ಅದರಿಂದ ಬದುಕಿದರು. ಆದರೆ ಸ್ಟಿರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಹೆಚ್ಚು ದಿನ ತೆಗೆದುಕೊಂಡರೆ ಸ್ನಾಯುಗಳನ್ನೂ ಸಡಿಲಗೊಳಿಸುತ್ತದೆ. ಇವೆಲ್ಲದರ ಮೇಲೆ ಭಯ, ನಿದ್ರಾಹೀನತೆ, ಮರೆವು.

ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಈ ಸ್ಥಿತಿಗೆ ಒಂದು ವ್ಯಾಖ್ಯೆಯನ್ನೇ ಕೊಟ್ಟಿತು. ಸಾಮಾನ್ಯವಾಗಿ ಸೋಂಕು ತಗುಲಿದ ಮೂರು ತಿಂಗಳ ನಂತರವೂ ಕಾಣಿಸುವ, ಕನಿಷ್ಠ ಎರಡು ತಿಂಗಳು ಮುಂದುವರಿಯುವ, ಬೇರೆ ಯಾವ ಕಾಯಿಲೆಯಿಂದಲೂ ವಿವರಿಸಲಾಗದ ಲಕ್ಷಣಗಳು ಎಂದು. ದಣಿವು, ಏದುಸಿರು, ಮಂಕು ಬಡಿದಂತಾಗುವ ಬುದ್ಧಿ ಇವು ಅದರಲ್ಲಿ ಮುಖ್ಯ. ಜಾಗತಿಕ ತುರ್ತುಸ್ಥಿತಿ 2023ರ ಮೇ 5ರಂದು ಅಧಿಕೃತವಾಗಿ ಮುಗಿಯಿತಾದರೂ ಈ ಲಕ್ಷಣಗಳನ್ನು ಹೊತ್ತವರ ಪಾಡು ಆ ದಿನಕ್ಕೆ ಮುಗಿಯಲಿಲ್ಲ.

ಮುಂಬಯಿಗೆ ಇದು ಹೊಸದಲ್ಲ

ವೈರಾಣುವಿನ ಕಾಯಿಲೆಯಿಂದ ಎದ್ದವರನ್ನು ವ್ಯಾಯಾಮದ ಮೂಲಕ ಮತ್ತೆ ಕಾಲ ಮೇಲೆ ನಿಲ್ಲಿಸುವ ವಿದ್ಯೆ ನಮ್ಮ ದೇಶದಲ್ಲಿ ಬೇರು ಬಿಟ್ಟದ್ದೇ ಮುಂಬಯಿಯಲ್ಲಿ ಎಂಬುದು ಅನೇಕರಿಗೆ ತಿಳಿದಿಲ್ಲ. ಅಂದಿನ ವೈರಾಣು ಪೋಲಿಯೋ. ತನ್ನ ಪುಟ್ಟ ಮಗಳು ಪೋಲಿಯೋಗೆ ತುತ್ತಾದಾಗ ಫಾತಿಮಾ ಇಸ್ಮಾಯಿಲ್ ಎಂಬ ತಾಯಿ ಕೈಕಟ್ಟಿ ಕೂರಲಿಲ್ಲ. ಮಗಳಿಗೆ ವ್ಯಾಯಾಮ ಚಿಕಿತ್ಸೆ ಕೊಡಿಸಿ, ಅದರ ಫಲ ಕಂಡು, 1947ರಲ್ಲಿ ಇದೇ ನಗರದಲ್ಲಿ ಪೋಲಿಯೋ ಪೀಡಿತ ಮಕ್ಕಳಿಗಾಗಿ ಕೇಂದ್ರವನ್ನು ತೆರೆದರು. ಸರಕಾರ 1958ರಲ್ಲಿ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು.

1950ರ ದಶಕದ ಆರಂಭದಲ್ಲಿ ಪೋಲಿಯೋ ಮುಂಬಯಿಯನ್ನು ಕಾಡಿದಾಗ ವ್ಯಾಯಾಮ ಚಿಕಿತ್ಸೆ ಬಲ್ಲವರ ಕೊರತೆ ಎದ್ದು ಕಂಡಿತು. ಕೇಂದ್ರ ಸರಕಾರ, ಅಂದಿನ ಮುಂಬಯಿ ರಾಜ್ಯ ಸರಕಾರ ಮತ್ತು ಮಹಾನಗರ ಪಾಲಿಕೆ ಒಟ್ಟಾಗಿ, ವಿಶ್ವ ಆರೋಗ್ಯ ಸಂಸ್ಥೆಯ ತಾಂತ್ರಿಕ ನೆರವಿನೊಂದಿಗೆ 1953ರಲ್ಲಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಫಿಸಿಯೋಥೆರಪಿ ಶಾಲೆಯನ್ನು ಆರಂಭಿಸಿದವು. 1955ರಲ್ಲಿ ಹಾಜಿ ಅಲಿಯಲ್ಲಿ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ ಸ್ಥಾಪನೆಯಾಯಿತು. ಭಾರತವನ್ನು ಪೋಲಿಯೋ ಮುಕ್ತವೆಂದು ಘೋಷಿಸಿದ್ದು 2014ರ ಮಾರ್ಚ್ 27ರಂದು. ಒಂದು ವೈರಾಣು ಹೋಯಿತು, ಅದು ಕಲಿಸಿದ ವಿದ್ಯೆ ಉಳಿಯಿತು. ಆರು ವರ್ಷ ತುಂಬುವ ಮೊದಲೇ ಇನ್ನೊಂದು ವೈರಾಣುವಿಗೆ ಅದೇ ವಿದ್ಯೆ ಬೇಕಾಯಿತು.

ಎಡವಿದ್ದು ಎಲ್ಲಿ?

ಮತ್ತೆ ಕನ್ನಮ್ವಾರ್ ನಗರಕ್ಕೆ ಬರೋಣ. 2021ರ ಜೂನ್ 7ರಿಂದ ಮುಂಬಯಿಯಲ್ಲಿ ನಿರ್ಬಂಧ ಸಡಿಲವಾಯಿತು. ಅಲ್ಲಿಯವರೆಗೆ ಪಾರ್ಸೆಲ್ ಮಾತ್ರ ಕೊಡುತ್ತಿದ್ದ ಹೋಟೆಲುಗಳು ಅರ್ಧ ಆಸನಗಳೊಂದಿಗೆ ಸಂಜೆ 4 ಗಂಟೆಯವರೆಗೆ ತೆರೆಯಬಹುದು ಎಂದಾಯಿತು. ಊರಿಗೆ ಹೋದ ಹುಡುಗರು ಇನ್ನೂ ಮರಳಿರಲಿಲ್ಲ. ಮಾಲಕರು ಫೋನ್ ಮಾಡಿ, ಆದರೆ ಬನ್ನಿ, ಆಗದಿದ್ದರೆ ಬೇಡ ಎಂದರು. ಎರಡು ತಿಂಗಳಿನಿಂದ ಸಂಬಳವಿಲ್ಲದ ಮನೆ. ಮಗಳ ಕಾಲೇಜು ಶುಲ್ಕ ಬಾಕಿ. ಬೇಡ ಎನ್ನುವ ಸ್ಥಿತಿಯಲ್ಲಿ ಅವರು ಇರಲಿಲ್ಲ.

ಬಸ್ಸು ಹಿಡಿದು ಹೋದರು. ನಾಲ್ಕು ಗಂಟೆ ನಿಂತು ಕೆಲಸ ಮಾಡಿದರು. ಆಗ ಏನೂ ಅನಿಸಲಿಲ್ಲ. ಹಿಂದಿರುಗುವಾಗ ದಿನಸಿ ಚೀಲವನ್ನೂ ಹೊತ್ತು ತಂದರು. ಎರಡನೇ ಮಹಡಿಯ ತಿರುವಿನಲ್ಲಿ ಕುಳಿತವರು ಏಳಲು ಅರ್ಧ ಗಂಟೆ ಹಿಡಿಯಿತು. ಮರುದಿನ ಕಷ್ಟಪಟ್ಟು ಎದ್ದರು. ಅದರ ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಮೈಯೆಲ್ಲ ಸೀಸ ಸುರಿದಂತೆ, ತಲೆಯೊಳಗೆ ಮಂಜು ಕವಿದಂತೆ. ಐದು ದಿನ ಹಾಗೆಯೇ ಕಳೆಯಿತು.

ನೋಡಲು ಬಂದವರು ತಲೆಗೊಂದು ಸಲಹೆ ಕೊಟ್ಟರು. ಕುಳಿತು ಕುಳಿತು ಮೈ ಜಡವಾಗಿದೆ, ಬೆಳಗ್ಗೆ ಎದ್ದು ಓಡಬೇಕು ಎಂದರು ಒಬ್ಬರು. ಆರು ತಿಂಗಳು ಹಾಸಿಗೆ ಬಿಡಲೇಬಾರದು ಎಂದರು ಇನ್ನೊಬ್ಬರು. ಒಬ್ಬರು ಕಷಾಯ ಹೇಳಿದರು, ಮತ್ತೊಬ್ಬರು ಕಪಾಲಭಾತಿ. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, ಮರುದಿನ ಗಂಡನನ್ನು ಮೊದಲು ವೈದ್ಯರ ಬಳಿಗೆ, ಅಲ್ಲಿಂದ ಅವರು ಹೇಳಿದ ಫಿಸಿಯೋಥೆರಪಿಸ್ಟ್ ಬಳಿಗೆ ಕರೆದೊಯ್ದರು. ಅವರ ಚೇತರಿಕೆ ನಿಜವಾಗಿ ಆರಂಭವಾದದ್ದು ಅಂದಿನಿಂದ.

ಶಕ್ತಿಯೂ ಒಂದು ಖಾತೆ

ಅಲ್ಲಿ ತಿಳಿದ ಮೊದಲ ಸಂಗತಿ, ಅವರಿಗೆ ಸಲಹೆ ಕೊಟ್ಟ ಇಬ್ಬರೂ ತಪ್ಪಿದ್ದರು ಎಂಬುದು. ಓಡುವುದೂ ಸರಿಯಲ್ಲ, ಮಲಗಿಯೇ ಇರುವುದೂ ಸರಿಯಲ್ಲ.

ದೇಹದ ಶಕ್ತಿಯನ್ನು ಉಳಿತಾಯ ಖಾತೆಯಂತೆ ತಿಳಿದುಕೊಂಡರೆ ವಿಷಯ ಸುಲಭವಾಗುತ್ತದೆ. ಆರೋಗ್ಯವಂತನ ಖಾತೆಯಲ್ಲಿ ಶಿಲ್ಕು ದೊಡ್ಡದು. ಒಂದು ದಿನ ಹೆಚ್ಚು ಖರ್ಚಾದರೂ ರಾತ್ರಿಯ ನಿದ್ದೆ ಅದನ್ನು ತುಂಬಿಕೊಡುತ್ತದೆ. ತೀವ್ರ ಸೋಂಕಿನಿಂದ ಎದ್ದವನ ಖಾತೆಯಲ್ಲಿ ಇರುವುದೇ ಅಲ್ಪ. ಅದನ್ನು ಮೀರಿ ತೆಗೆದರೆ ಓವರ್‌ಡ್ರಾಫ್ಟ್. ಅದಕ್ಕೆ ಬಡ್ಡಿ ಜಾಸ್ತಿ, ಮೇಲಾಗಿ ನೋಟಿಸು ಬರುವುದು ತಡವಾಗಿ. ಶ್ರಮಪಟ್ಟ ದಿನ ಏನೂ ಆಗದೆ, ಒಂದೆರಡು ದಿನ ಕಳೆದ ಮೇಲೆ ದಣಿವು, ಮೈಕೈ ನೋವು, ಮಂಕುತನ ಒಟ್ಟಿಗೆ ಎರಗುವುದನ್ನು ವೈದ್ಯಶಾಸ್ತ್ರ ಪ್ರತ್ಯೇಕವಾಗಿಯೇ ಗುರುತಿಸಿದೆ. ಶ್ರಮಾನಂತರದ ಕುಸಿತ ಎಂದು ಅದನ್ನು ಕರೆಯಬಹುದು. ಇದು ಸೋಮಾರಿತನವಲ್ಲ, ಮನಸ್ಸಿನ ಭ್ರಮೆಯೂ ಅಲ್ಲ.

ಈ ಕುಸಿತ ಪದೇ ಪದೇ ಆಗುವವರಿಗೆ ವಾರವಾರವೂ ವ್ಯಾಯಾಮ ಏರಿಸುತ್ತಾ ಹೋಗುವ ಪದ್ಧತಿ ಕೇಡು ಮಾಡಬಹುದು. ಅಂಥವರು ಮೊದಲು ಕಲಿಯಬೇಕಾದದ್ದು ಕೆಲಸವನ್ನು ತುಂಡು ಮಾಡಿ, ನಡುನಡುವೆ ವಿಶ್ರಾಂತಿ ಇಟ್ಟು, ಇರುವ ಶಕ್ತಿಯೊಳಗೇ ದಿನ ಸಾಗಿಸುವುದನ್ನು. ದೀರ್ಘಕಾಲದ ದಣಿವಿನ ಕಾಯಿಲೆಗೆ ಸಂಬಂಧಿಸಿ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ, ಏರಿಸುತ್ತಾ ಹೋಗುವ ನಿಗದಿತ ವ್ಯಾಯಾಮವನ್ನು ಚಿಕಿತ್ಸೆಯಾಗಿ ಕೊಡಬಾರದು ಎಂದೇ ಹೇಳಿತು. ಕುಸಿತದ ಲಕ್ಷಣ ಇಲ್ಲದೆ ಕೇವಲ ದೌರ್ಬಲ್ಯ ಮತ್ತು ಏದುಸಿರು ಇರುವವರಿಗಾದರೆ ಮೆಲ್ಲನೆ ಏರುವ ವ್ಯಾಯಾಮ ನಿಜಕ್ಕೂ ಫಲಕಾರಿ. ತಾನು ಯಾವ ಗುಂಪಿಗೆ ಸೇರಿದವನು ಎಂದು ತಿಳಿಯುವುದೇ ಮೊದಲ ಹೆಜ್ಜೆ.

ಹೋಟೆಲಿನವರ ವಿಷಯದಲ್ಲಿ ಆ ಕುಸಿತ ಮುಂದೆ ಮರುಕಳಿಸಲಿಲ್ಲ. ಅಳತೆಯೊಳಗೆ ಇದ್ದಷ್ಟು ಕಾಲ ದೇಹ ಸ್ಪಂದಿಸಿತು.

ಮೊದಲು ಪರೀಕ್ಷೆ, ನಂತರ ವ್ಯಾಯಾಮ

ಆಸ್ಪತ್ರೆಗೆ ದಾಖಲಾಗುವಷ್ಟು ಕಾಯಿಲೆಯಾದವರು ವೈದ್ಯರನ್ನು ಕಾಣದೆ ವ್ಯಾಯಾಮ ಆರಂಭಿಸಬಾರದು. ಕೋವಿಡ್‌ನಂಥ ಸೋಂಕು ಕೆಲವರಲ್ಲಿ ಹೃದಯದ ಸ್ನಾಯುವಿಗೂ ಉರಿಯೂತ ತರುತ್ತದೆ, ರಕ್ತ ಹೆಪ್ಪುಗಟ್ಟಿಸುತ್ತದೆ.

ಶಕ್ತಿಯನ್ನು ಅಳೆಯಲು ದುಬಾರಿ ಯಂತ್ರವೇನೂ ಬೇಡ. ಆರು ನಿಮಿಷದ ನಡಿಗೆ ಎಂಬ ಪರೀಕ್ಷೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ. 30 ಮೀಟರ್ ಉದ್ದದ ಸಮತಟ್ಟಾದ ಜಾಗದಲ್ಲಿ ಹೋಗಿ ಬಂದು ಮಾಡುತ್ತಾ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರು ಎಂದು ನೋಡುತ್ತಾರೆ. ಆರೋಗ್ಯವಂತರು ಸಾಮಾನ್ಯವಾಗಿ 400ರಿಂದ 700 ಮೀಟರ್ ನಡೆಯುತ್ತಾರೆ. ಇನ್ನೊಂದು, ಒಂದು ನಿಮಿಷದಲ್ಲಿ ಕುರ್ಚಿಯಿಂದ ಕೈ ಊರದೆ ಎಷ್ಟು ಬಾರಿ ಎದ್ದು ಕೂರಬಲ್ಲರು ಎಂಬುದು. ಎರಡರಲ್ಲೂ ಬೆರಳಿಗೆ ಆಕ್ಸಿಮೀಟರ್ ಹಾಕಿ ಮೊದಲೂ ನಂತರವೂ ನೋಡುತ್ತಾರೆ. ಆಮ್ಲಜನಕದ ಅಂಕ ಮೂರು ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರು ಗಮನಿಸಲೇಬೇಕಾದ ಸಂಗತಿ. ಇವನ್ನು ಮೊದಲ ಸಲ ತಜ್ಞರ ಎದುರಿನಲ್ಲೇ ಮಾಡುವುದು ಒಳ್ಳೆಯದು. ನಮ್ಮವರು ಮೊದಲ ದಿನ ನಡೆದದ್ದು 210 ಮೀಟರ್, ನಡುವೆ ಎರಡು ಬಾರಿ ನಿಂತು.

ಮುಂಬಯಿಯವರಿಗೆ ಇಲ್ಲಿ ಇನ್ನೊಂದು ಮಾತು ಹೇಳಬೇಕು. ಮಾಹಿಮ್‌ನ ಹಿಂದೂಜಾ ಆಸ್ಪತ್ರೆಯ ವೈದ್ಯರು 2021ರಲ್ಲಿ, ಕೋವಿಡ್‌ನಿಂದ ಗುಣವಾದ ಕೆಲವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಸಂಚಾರ ನಿಂತು ಮೂಳೆ ಸಾಯುವ ತೊಂದರೆಯನ್ನು ಗುರುತಿಸಿ ವರದಿ ಮಾಡಿದರು. ಸ್ಟಿರಾಯ್ಡ್ ಸೇವನೆಗೂ ಇದಕ್ಕೂ ನಂಟಿದೆ. ತೊಡೆಸಂದಿಯಲ್ಲಿ ಅಥವಾ ಸೊಂಟದ ಕೀಲಿನಲ್ಲಿ ನೋವು ಕಾಣಿಸಿಕೊಂಡರೆ, ವ್ಯಾಯಾಮದ ನೋವು ಎಂದು ನುಂಗಿಕೊಳ್ಳದೆ ಎಲುಬಿನ ವೈದ್ಯರನ್ನು ಕಾಣಬೇಕು. ಬೇಗ ತಿಳಿದರೆ ಔಷಧದಲ್ಲೇ ನಿಲ್ಲಿಸುವ ಸಾಧ್ಯತೆ ಹೆಚ್ಚು.

ಮನೆಯೊಳಗಿನ ವ್ಯಾಯಾಮಶಾಲೆ

ಫಿಸಿಯೋಥೆರಪಿಸ್ಟ್ ಅವರಿಗೆ ಹೇಳಿಕೊಟ್ಟದ್ದು ಅತಿ ಸರಳವಾದ ಸಂಗತಿಗಳನ್ನು. ವಿಶ್ವ ಆರೋಗ್ಯ ಸಂಸ್ಥೆ ರೋಗಿಗಳಿಗಾಗಿ ಹೊರತಂದ ಕೈಪಿಡಿಯಲ್ಲಿಯೂ ಹೆಚ್ಚು ಕಡಿಮೆ ಇವೇ ಇವೆ.

ಮೊದಲನೆಯದು ಉಸಿರು. ಏದುಸಿರು ಬಂದಾಗ ಗಾಬರಿಯಾಗದೆ ಕುರ್ಚಿಯಲ್ಲಿ ಕುಳಿತು, ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರುವುದು. ನಿಂತಿದ್ದರೆ ಗೋಡೆಗೆ ಬೆನ್ನು ಕೊಡುವುದು ಅಥವಾ ಕಿಟಕಿಯ ಕಟ್ಟೆಗೆ ಕೈಯೂರಿ ಬಾಗುವುದು. ಭುಜ ಸಡಿಲ ಬಿಟ್ಟು, ಮೂಗಿನಿಂದ ಉಸಿರೆಳೆದು, ಬಾಯಿಯಿಂದ ನಿಧಾನವಾಗಿ ಬಿಡುವುದು. ಮೆಟ್ಟಿಲು ಹತ್ತುವಾಗಲೂ ಇದೇ ಸೂತ್ರ. ಹೆಜ್ಜೆ ಎತ್ತುವ ಮೊದಲು ಉಸಿರೆಳೆದುಕೊಂಡು, ಹತ್ತುತ್ತಾ ಬಿಡಬೇಕು. ಉಸಿರು ಕಟ್ಟಿ ಹತ್ತುವುದು ನಮ್ಮೆಲ್ಲರ ಅಭ್ಯಾಸ. ಅಲ್ಲಿಯೇ ಸೋಲು.

ಆಗ ಮನೆಮನೆಗೂ ಬಂದಿದ್ದ ಮೂರು ಚೆಂಡುಗಳ ಸ್ಪೈರೋಮೀಟರ್ ಬಗ್ಗೆಯೂ ಒಂದು ಮಾತು. ಬಲೂನಿನಂತೆ ಅದನ್ನು ಊದುತ್ತಿದ್ದವರೇ ಹೆಚ್ಚು. ಅದು ಊದುವುದಕ್ಕಲ್ಲ, ಉಸಿರನ್ನು ನಿಧಾನವಾಗಿ ಒಳಗೆಳೆದು ಚೆಂಡನ್ನು ಮೇಲೆ ನಿಲ್ಲಿಸುವುದಕ್ಕೆ. ಇವರೂ ಒಂದು ತಿಂಗಳು ಊದಿದ್ದರಂತೆ.

ಎರಡನೆಯದು ನಡಿಗೆ. ಮನೆಯ ಬಾಗಿಲಿನಿಂದ ಗ್ಯಾಲರಿಯ ಕೊನೆಯವರೆಗೆ, ಮೊದಲು ದಿನಕ್ಕೆ ಮೂರು ಬಾರಿ ಐದೈದು ನಿಮಿಷ. ನಿಂತಲ್ಲೇ ಕಾಲೆತ್ತಿ ಹೆಜ್ಜೆ ಹಾಕುವುದೂ ನಡಿಗೆಗೆ ಸಮ. ಕ್ರಮೇಣ 20ರಿಂದ 30 ನಿಮಿಷ, ವಾರದಲ್ಲಿ ಐದು ದಿನ. ವೇಗ ಎಷ್ಟಿರಬೇಕು ಎಂಬುದಕ್ಕೆ ಅಳತೆಗೋಲು ಬಾಯಿಯೇ. ನಡೆಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡು ಶಬ್ದಕ್ಕೆ ಉಸಿರು ಮುಗಿದರೆ ವೇಗ ಜಾಸ್ತಿಯಾಯಿತು ಎಂದರ್ಥ.

ಮೂರನೆಯದು ಸ್ನಾಯುಬಲ, ವಾರಕ್ಕೆ ಮೂರು ದಿನ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮೊಣಕೈ ಮಡಚುವುದು, ಗೋಡೆಗೆ ಅಂಗೈ ಇಟ್ಟು ದೂಡುವುದು, ಕುರ್ಚಿಯಿಂದ ಎದ್ದು ಕೂರುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಒಂದೊಂದನ್ನು ಹತ್ತು ಬಾರಿಯಂತೆ ಮೂರು ಸುತ್ತು ಎಂಬುದು ಗುರಿ. ಆರಂಭದಲ್ಲಿ ಇವರಿಂದ ಕುರ್ಚಿಯಿಂದ ಏಳಲು ಆದದ್ದು ನಾಲ್ಕೇ ಬಾರಿ.

ಒಂದು ಹಂತದಲ್ಲಿ ಕನಿಷ್ಠ ಏಳು ದಿನ ಇದ್ದು, ತೊಂದರೆ ಇಲ್ಲವೆಂದು ಖಚಿತವಾದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ತೊಂದರೆಯಾದರೆ ನಾಚಿಕೆ ಬಿಟ್ಟು ಹಿಂದಿನ ಹಂತಕ್ಕೆ ಇಳಿಯಬೇಕು. ಯೋಗಾಸನ, ಪ್ರಾಣಾಯಾಮ, ಧ್ಯಾನ ಮತ್ತು ಹಿತವಾದ ವೇಗದ ನಡಿಗೆಯನ್ನು ಕೇಂದ್ರ ಆರೋಗ್ಯ ಸಚಿವಾಲಯವೂ 2020ರ ಸೆಪ್ಟೆಂಬರಿನ ತನ್ನ ಮಾರ್ಗಸೂಚಿಯಲ್ಲಿ ಹೇಳಿತ್ತು. ಆದರೆ ಕಪಾಲಭಾತಿ, ಭಸ್ತ್ರಿಕದಂಥ ರಭಸದ ಕ್ರಿಯೆಗಳನ್ನು ವೈದ್ಯರು ಒಪ್ಪುವವರೆಗೆ ಬದಿಗಿಡುವುದೇ ಕ್ಷೇಮ. ಸ್ನಾಯು ಕಟ್ಟಲು ಬೇಳೆಕಾಳು, ಮೊಸರು, ಮೊಟ್ಟೆ, ಮೀನು ಬೇಕು. ಕಾಯಿಲೆಯವನೆಂದು ತಿಂಗಳುಗಟ್ಟಲೆ ಬರೀ ಗಂಜಿ ಕೊಟ್ಟರೆ ವ್ಯಾಯಾಮದ ಫಲ ಸಿಗದು.

ಕ್ಯಾಲೆಂಡರಿನ ಹಿಂಬದಿ

ಮನೆಯೊಡತಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ದಿನದ ಲೆಕ್ಕ ಬರೆದಿಟ್ಟರು. ನಡೆದ ನಿಮಿಷ, ಎದ್ದು ಕೂತ ಸಂಖ್ಯೆ, ಆಮ್ಲಜನಕದ ಅಂಕ, ಮರುದಿನದ ದಣಿವಿಗೆ ಹತ್ತರಲ್ಲಿ ಎಷ್ಟು ಎಂಬುದು. ಆ ಕೊನೆಯ ಕಲಮು ಬಹು ಮುಖ್ಯ. ಅದು ಏರಿದರೆ ನಿನ್ನೆ ಮಾಡಿದ್ದು ಹೆಚ್ಚಾಯಿತು ಎಂದರ್ಥ.

ಜುಲೈ ಕೊನೆಯಲ್ಲಿ ಮೆಟ್ಟಿಲಿನ ಅಭ್ಯಾಸ ಆರಂಭವಾಯಿತು. ಮೊದಲ ದಿನ ಐದು ಮೆಟ್ಟಿಲು ಇಳಿದು, ಹತ್ತಿ, ಕುಳಿತರು. ಒಂದು ವಾರದ ನಂತರ ಹತ್ತು. ಒಂದೊಂದು ತಿರುವಿನಲ್ಲೂ ಒಂದು ಸ್ಟೂಲು ಇಟ್ಟುಕೊಳ್ಳಲು ಅಕ್ಕಪಕ್ಕದ ಮನೆಯವರು ಒಪ್ಪಿದರು. ಒಳ್ಳೆಯ ದಿನಗಳಲ್ಲಿ ಇವರಿಗೆ ಉಮೇದು ಹೆಚ್ಚಿ ಇನ್ನೊಂದು ಮಹಡಿ ಇಳಿಯಲು ಹೊರಟಾಗ ಹೆಂಡತಿ ತಡೆಯುತ್ತಿದ್ದರು.

"ಇವತ್ತಿಗೆ ಇಷ್ಟು ಸಾಕು ಮಾರಾಯ್ರೆ, ನಾಳೆಗೂ ಸ್ವಲ್ಪ ಇರಲಿ."

ಇಡೀ ಚಿಕಿತ್ಸೆಯ ಸಾರ ಈ ಒಂದು ಮಾತಿನಲ್ಲಿದೆ ಎಂದರೆ ತಪ್ಪಾಗಲಾರದು. ಕಾಯಿಲೆಯವನಿಗೆ ಕೆಟ್ಟ ದಿನಕ್ಕಿಂತ ಒಳ್ಳೆಯ ದಿನವೇ ಹೆಚ್ಚು ಅಪಾಯಕಾರಿ. ಒಂದೇ ದಿನದಲ್ಲಿ ಕಳೆದುಹೋದ ತಿಂಗಳುಗಳನ್ನು ವಸೂಲಿ ಮಾಡುವ ಆಸೆ ಹುಟ್ಟುವುದು ಆಗಲೇ.

2021ರ ಅಕ್ಟೋಬರ್ ಮೊದಲ ವಾರ ಅವರು ಎರಡು ಕಡೆ ನಿಂತು 54 ಮೆಟ್ಟಿಲನ್ನೂ ಹತ್ತಿದರು. ಆರು ನಿಮಿಷದ ನಡಿಗೆ 390 ಮೀಟರಿಗೆ ಬಂದಿತ್ತು.

ನಿಲ್ಲಿಸಬೇಕಾದ ಸೂಚನೆಗಳು

ವ್ಯಾಯಾಮದ ನಡುವೆ ಎದೆನೋವು, ಎದೆ ಬಿಗಿತ, ತಲೆಸುತ್ತು, ಹೃದಯ ಅಡ್ಡಾದಿಡ್ಡಿ ಹೊಡೆದುಕೊಳ್ಳುವುದು, ಕುಳಿತರೂ ಕಡಿಮೆಯಾಗದ ಏದುಸಿರು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಂಭವವಿದೆ. ಎಣ್ಣೆ ಹಚ್ಚಿ ತಿಕ್ಕಬಾರದು. ಮಧುಮೇಹಿಗಳು ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಕೂಡದು. ಜ್ವರ ಇರುವ ದಿನ ವ್ಯಾಯಾಮಕ್ಕೆ ರಜೆ.

ಸಂಶೋಧನೆ ಏನು ಹೇಳುತ್ತದೆ?

ಇದು ಒಬ್ಬರ ಅನುಭವವಷ್ಟೇ ಅಲ್ಲ. ಬ್ರಿಟನ್ನಿನಲ್ಲಿ ವಾರ್ವಿಕ್ ವಿಶ್ವವಿದ್ಯಾಲಯದ ತಂಡವು ಕೋವಿಡ್‌ಗಾಗಿ ಆಸ್ಪತ್ರೆ ಸೇರಿ, ಬಿಡುಗಡೆಯಾಗಿ ಮೂರು ತಿಂಗಳಾದರೂ ಪೂರ್ತಿ ಸುಧಾರಿಸದ 585 ವಯಸ್ಕರನ್ನು ಎರಡು ಗುಂಪು ಮಾಡಿ ಪ್ರಯೋಗ ನಡೆಸಿತು. ಒಂದು ಗುಂಪಿಗೆ ಒಮ್ಮೆ ಸಲಹೆ ಕೊಟ್ಟು ಬಿಡಲಾಯಿತು. ಇನ್ನೊಂದು ಗುಂಪಿಗೆ ಎಂಟು ವಾರ ಕಾಲ ಕಂಪ್ಯೂಟರ್ ಮೂಲಕ ಮನೆಯಲ್ಲೇ ಒಟ್ಟಾಗಿ ವ್ಯಾಯಾಮ ಮಾಡಿಸಿ, ಮನಸ್ಸಿಗೂ ಧೈರ್ಯ ತುಂಬಲಾಯಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಫಲಿತಾಂಶದಂತೆ, ಎರಡನೇ ಗುಂಪಿನವರ ಆರೋಗ್ಯ ಮೂರು ತಿಂಗಳ ಹೊತ್ತಿಗೆ ಹೆಚ್ಚು ಸುಧಾರಿಸಿತ್ತು, ವರ್ಷದ ನಂತರವೂ ಅದು ಉಳಿದಿತ್ತು. ಸುಧಾರಣೆ ಪವಾಡದಂಥದ್ದೇನಲ್ಲ, ಸಾಧಾರಣವಾದದ್ದು. ಎಲ್ಲರಿಗೂ ಸಮನಾಗಿ ಸಿಕ್ಕಿತೆಂದೂ ಅಲ್ಲ. ಆದರೆ ದುಬಾರಿ ಔಷಧವಿಲ್ಲದೆ, ಮನೆಯಲ್ಲೇ ಕುಳಿತು ದೊರೆತ ಲಾಭ ಅದು. ಒಬ್ಬರೇ ಮಾಡುವುದಕ್ಕಿಂತ ನಾಲ್ಕು ಜನರೊಂದಿಗೆ, ತಿಳಿದವರ ಕಣ್ಣೆದುರು ಮಾಡಿಸುವ ಈ ಕ್ರಮ ನಮಗೆ ಮುಖ್ಯವಾಗಬೇಕು.

ಸಂಘ-ಸಂಸ್ಥೆಗಳು ಮನಸ್ಸು ಮಾಡಿದರೆ

ಮುಂಬಯಿಯ ಕನ್ನಡ ಸಂಘಗಳು, ಜಾತೀಯ ಸಂಘಟನೆಗಳು ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ಶಿಬಿರ ನಡೆಸುವುದು ವಾಡಿಕೆ. ರಕ್ತದೊತ್ತಡ, ಸಕ್ಕರೆ, ಕಣ್ಣಿನ ತಪಾಸಣೆ ನಡೆಯುತ್ತದೆ. ಇದು ಶ್ಲಾಘನೀಯ ಕಾರ್ಯ. ಅದೇ ಸಭಾಗೃಹದಲ್ಲಿ 30 ಮೀಟರ್ ಅಳತೆಯ ಒಂದು ಗೆರೆ ಎಳೆದು, ಒಬ್ಬ ಫಿಸಿಯೋಥೆರಪಿಸ್ಟ್ ಅವರನ್ನು ಕರೆದು, ಆರು ನಿಮಿಷದ ನಡಿಗೆಯ ಪರೀಕ್ಷೆಯನ್ನೂ ಸೇರಿಸಿಕೊಂಡರೆ ಖರ್ಚು ಏನೂ ಇಲ್ಲ. ಭಜನೆ, ಯಕ್ಷಗಾನ, ಕುಣಿತ ಭಜನೆಯ ತರಬೇತಿಗೆ ಕೂಡುವ ಜಾಗದಲ್ಲಿ ವಾರಕ್ಕೆರಡು ದಿನ ಒಂದು ತಾಸು ಕುರ್ಚಿ ವ್ಯಾಯಾಮ ನಡೆದರೆ ಕೋವಿಡ್‌ನವರಿಗಷ್ಟೇ ಅಲ್ಲ, ನ್ಯುಮೋನಿಯಾ, ಡೆಂಗ್ಯೂ, ಚಿಕುನ್‌ಗುನ್ಯಾ, ತೀವ್ರ ಫ್ಲೂ ಬಂದು ಎದ್ದ ಹಿರಿಯರಿಗೂ ಉಪಕಾರವಾದೀತು. ಕಾಯಿಲೆಯ ಹೆಸರು ಬೇರೆಯಾದರೂ ಹಾಸಿಗೆ ಹಿಡಿದ ಸ್ನಾಯುವಿನ ದೌರ್ಬಲ್ಯ ಒಂದೇ.

ಪಾಲಿಕೆಯ ಕೆಇಎಂ, ಸಾಯನ್‌ನ ಲೋಕಮಾನ್ಯ ತಿಲಕ್ ಮತ್ತು ನಾಯರ್ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ಕಲಿಸುವ ಕಾಲೇಜುಗಳೇ ಇವೆ. ಘಾಟ್ಕೋಪರಿನ ರಾಜಾವಾಡಿ ಪಾಲಿಕೆ ಆಸ್ಪತ್ರೆಯೂ ವಿಕ್ರೋಳಿಯವರಿಗೆ ದೂರವಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಮಾತ್ರೆಯ ಪಟ್ಟಿಯನ್ನಷ್ಟೇ ತೆಗೆದುಕೊಳ್ಳದೆ, ನಾನು ಯಾವ ವ್ಯಾಯಾಮ ಮಾಡಬೇಕು, ಎಷ್ಟು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ಮೂರು ಪ್ರಶ್ನೆಗಳನ್ನು ಪ್ರತಿಯೊಬ್ಬ ರೋಗಿಯೂ ಕೇಳಬೇಕು. ಕೇಳಲು ಸಂಕೋಚ ಬೇಡ. ಕೇಳದವರಿಗೆ ಹೇಳುವಷ್ಟು ಬಿಡುವು ಎಲ್ಲ ಕಡೆಯೂ ಇರುವುದಿಲ್ಲ.

ಮಾಲಕರ ಪಾಲೂ ಇಲ್ಲಿದೆ. ಹೋಟೆಲು, ಕ್ಯಾಂಟೀನು, ಅಂಗಡಿಗಳಲ್ಲಿ ದುಡಿಯುವ ನಮ್ಮವರಿಗೆ ವೇತನ ಸಹಿತ ದೀರ್ಘ ರಜೆ ಎಂಬುದು ಕನಸು. ಕಾಯಿಲೆಯಿಂದ ಎದ್ದವನನ್ನು ಮೊದಲ ದಿನವೇ ಪೂರ್ತಿ ಪಾಳಿಗೆ ನಿಲ್ಲಿಸಿದರೆ ಅವನು ವಾರದಲ್ಲಿ ಮತ್ತೆ ಮಲಗುತ್ತಾನೆ. ಅದರಿಂದ ಮಾಲಕನಿಗೂ ಲಾಭವಿಲ್ಲ. ಎರಡು ತಿಂಗಳು ಅರ್ಧ ಪಾಳಿ, ಕುಳಿತು ಮಾಡುವ ಕೆಲಸ ಕೊಟ್ಟರೆ ನಂಬಿಗಸ್ತ ಕೆಲಸಗಾರ ಉಳಿಯುತ್ತಾನೆ.

ಕನ್ನಮ್ವಾರ್ ನಗರದವರಿಗೆ ಆ ಮಟ್ಟಿಗೆ ಅದೃಷ್ಟ ಕೂಡಿಬಂತು. ಮಾಲಕರು ಅವರನ್ನು ಗಲ್ಲಾದಲ್ಲಿ ಕೂರಿಸಿದರು, ಮೊದಲು ಬೆಳಗಿನ ನಾಲ್ಕು ತಾಸು, ನಂತರ ಆರು. ಸಂಬಳ ಮೊದಲಿಗಿಂತ ಕಡಿಮೆ. ಸೂಪರ್‌ವೈಸರ್ ಕೆಲಸಕ್ಕೆ ಅವರು ಮರಳಲೇ ಇಲ್ಲ, ಇನ್ನು ಮರಳುವ ಆಸೆಯೂ ಇಲ್ಲ. ಮಗಳ ಓದು ಮುಗಿದು ಕೆಲಸ ಸಿಕ್ಕಿದೆ. ಅವರು ಇಂದಿಗೂ ಎರಡನೇ ಮಹಡಿಯ ತಿರುವಿನಲ್ಲಿ ಒಂದು ನಿಮಿಷ ನಿಂತು, ಉಸಿರೆಳೆದುಕೊಂಡು, ಮುಂದಿನ 18 ಮೆಟ್ಟಿಲು ಹತ್ತುತ್ತಾರೆ. ಹಾಗೆ ನಿಲ್ಲುವುದಕ್ಕೆ ಮೊದಮೊದಲು ಅವರಿಗೆ ನಾಚಿಕೆಯಾಗುತ್ತಿತ್ತು. ಈಗ ಇಲ್ಲ. ಕಟ್ಟಡದಲ್ಲಿ ಯಾರಾದರೂ ಆಸ್ಪತ್ರೆಯಿಂದ ಮನೆಗೆ ಬಂದರೆ, ತಿರುವಿನ ಆ ಸ್ಟೂಲನ್ನು ಒರೆಸಿ ಇಡುವವರೂ ಅವರೇ.